ಮೊದಲು ಹೋಮವೋ, ಚಿಕಿತ್ಸೆಯೋ?

ಪ್ರಶ್ನೆ: ನನ್ನ ತಂದೆಗೆ 64 ವರ್ಷ. ಎರಡು ವರ್ಷದ ಹಿಂದೆ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆಗಿತ್ತು. ಈಗ ಲಿವರ್‌ಗೆ ಹಬ್ಬಿದೆ, ಬೇಗ ಕೀಮೋ ಶುರು ಮಾಡಿ ಅಂದಿದ್ದಾರೆ ಡಾಕ್ಟರು. ಆಷಾಢ ಕಳೆದ ಮೇಲೆ ಮೃತ್ಯುಂಜಯ ಹೋಮ ಮಾಡಿಸಿ, ಅಪ್ಪ 48 ದಿನ ಒಪ್ಪತ್ತು ಇದ್ದು, ಆಮೇಲೆ ಚಿಕಿತ್ಸೆ ಎನ್ನುತ್ತಾರೆ ಮನೆಯ ಹಿರಿಯರು. ಅಪ್ಪನಿಗೆ ಬರೀ ಕಾಮಾಲೆ ಎಂದು ಹೇಳಿದ್ದೇವೆ. ಅವರು ಒಂದು ತೊಟ್ಟು ಕುಡಿದವರಲ್ಲ, ಆದರೂ ಊರಲ್ಲಿ ಏನೇನೋ ಮಾತು. ಇದು ಯಾವ ಪಾಪದ ಫಲ?
– ಒಬ್ಬ ಓದುಗರು, ಕುಬಟೂರು, ಸೊರಬ ತಾಲ್ಲೂಕು

ಉತ್ತರ: ತಾಯಿ, ಕಾಯಬೇಡಿ. ಆಷಾಢದಲ್ಲಿ ಬಿಡುವುದು ಮದುವೆ, ಗೃಹಪ್ರವೇಶದಂಥವನ್ನು. ರೋಗಿಯ ಶಾಂತಿಗೆ ಆ ಕಟ್ಟಿಲ್ಲ. ಕೀಮೋ ಡಾಕ್ಟರು ಹೇಳಿದ ದಿನವೇ ಶುರುವಾಗಲಿ, ಹೋಮ ಅದರ ನಡುವೆ ಅನುಕೂಲವಾದ ದಿನ ಆಗಲಿ. ಹೊಗೆ, ಜನಸಂದಣಿ ಅವರಿಗೆ ಆಗದು. ಒಳಗೇ ಮಲಗಿರಲಿ, ಪ್ರಸಾದ ಕೊಟ್ಟರೆ ಸಾಕು.

ಒಪ್ಪತ್ತು ಖಂಡಿತ ಬೇಡ. ಆ ಮಂತ್ರ ಮುಕ್ಕಣ್ಣನನ್ನು ಪುಷ್ಟಿ ಹೆಚ್ಚಿಸುವವನು ಎಂದೇ ಕರೆಯುತ್ತದೆ. ಅದನ್ನು ಜಪಿಸುತ್ತಾ ಸೊರಗಿದ ಮನುಷ್ಯನ ಅನ್ನ ಕಸಿಯುವುದುಂಟೇ? ವ್ರತಕ್ಕೆ ಭಂಗ ತಾರದ ಎಂಟು ವಸ್ತುಗಳಲ್ಲಿ ಔಷಧವನ್ನೂ ಹಿರಿಯರು ಎಣಿಸಿದ್ದಾರೆ. ಹರಕೆ ಹೊತ್ತಾಗಿದ್ದರೆ ಹೆಂಡತಿ, ಮಕ್ಕಳು ಅವರ ಪರವಾಗಿ ನಡೆಸಲು ಶಾಸ್ತ್ರದಲ್ಲಿ ದಾರಿ ಇದೆ. ಯಾರಾದರೂ ಕಷಾಯ, ಸೊಪ್ಪಿನ ರಸ ತಂದರೆ ಡಾಕ್ಟರಿಗೆ ಕೇಳದೆ ಕುಡಿಸಬೇಡಿ. ಅದನ್ನು ಅರಗಿಸಬೇಕಾದದ್ದು ಆ ಲಿವರೇ.

ಪಾಪದ ಮಾತು. ಕರುಳಿನಿಂದ ಹೊರಟ ರಕ್ತ ಮೊದಲು ಸೇರುವುದೇ ಲಿವರನ್ನು. ಕರುಳಿನ ಕ್ಯಾನ್ಸರಿನ ಕಣ ಆ ದಾರಿ ಹಿಡಿದು ಅಲ್ಲಿ ಬೇರೂರುತ್ತದೆ. ಕುಡಿತದಿಂದ ಬಂದದ್ದಲ್ಲ. ಕೇಳಿದವರಿಗೆ ಇಷ್ಟೇ ಹೇಳಿ. ಪರಮಹಂಸರು 1886ರಲ್ಲಿ ಗಂಟಲಿನ ಕ್ಯಾನ್ಸರಿನಿಂದ ದೇಹ ಬಿಟ್ಟರು. ರಮಣ ಮಹರ್ಷಿಗಳ ತೋಳಿಗೆ ಅಂಥದೇ ಗಡ್ಡೆ ಬಂದು ನಾಲ್ಕು ಸಲ ಶಸ್ತ್ರಚಿಕಿತ್ಸೆಯಾಯಿತು, 1950ರಲ್ಲಿ ತೀರಿಕೊಂಡರು. ಅವರ ಪಾಪವನ್ನು ಯಾರು ಎಣಿಸುತ್ತಾರೆ?

ನನಗೆ ಹೆಚ್ಚು ಕಳವಳ ತಂದದ್ದು ಆ ಕಾಮಾಲೆಯ ಸುಳ್ಳು. ಸಂಕಲ್ಪದಲ್ಲಿ ಹೆಸರು, ಗೋತ್ರ, ನಕ್ಷತ್ರದ ಜೊತೆ ಯಾತಕ್ಕಾಗಿ ಎಂಬುದನ್ನೂ ಹೇಳುತ್ತೇವೆ. ದೇವರ ಮುಂದೆ ಹೇಳುವುದನ್ನು ಅಪ್ಪನಿಂದ ಮುಚ್ಚಿಟ್ಟರೆ ಅದು ಯಾರ ಸಂಕಲ್ಪವಾಯಿತು? ಕೀಮೋ ಕೊಠಡಿಯಲ್ಲಿ ಹೇಗೂ ಅವರಿಗೆ ತಿಳಿಯುತ್ತದೆ. ನಿಮ್ಮ ಬಾಯಿಂದಲೇ ತಿಳಿಯಲಿ. ಒಂದೇ ಸಲಕ್ಕೆ ಎಲ್ಲ ಬೇಡ. ಅವರು ಕೇಳಿದಷ್ಟಕ್ಕೆ ನಿಜ ಹೇಳಿ. ಗದ್ದೆ, ಸಾಲ, ಮಗಳ ಮದುವೆ ಅಂತ ಅವರೂ ಏನೋ ಹೇಳಬೇಕೆಂದಿರಬಹುದು.

ಹೋಮದಿಂದ ಗುಣವಾಗುತ್ತದಾ ಎಂದು ನೀವು ಕೇಳಿಲ್ಲ, ಆದರೆ ಪತ್ರದ ತುಂಬ ಅದೇ ಇದೆ. ಹಾಗೆಂದು ಮಾತು ಕೊಡಲು ನನ್ನಿಂದಾಗದು. ಹಣ್ಣಾದ ಸೌತೆ ತೊಟ್ಟು ಕಳಚಿಕೊಳ್ಳುವಂತೆ ಮೃತ್ಯುವಿನಿಂದ ಬಿಡಿಸು ಎನ್ನುತ್ತದೆ ಆ ಮಂತ್ರ. ಚಿಕಿತ್ಸೆ ಫಲಿಸಿದರೂ, ಫಲಿಸದಿದ್ದರೂ ಆ ಬೇಡಿಕೆ ಸಲ್ಲುತ್ತದೆ. ನೋವಿಗೆ ಮಾತ್ರೆ ಬರೆದುಕೊಟ್ಟರೆ ತಪ್ಪದೆ ಕೊಡಿ, ನೋವು ನುಂಗುವುದು ತಪಸ್ಸಲ್ಲ. ಅಪ್ಪನಿಗೆ ತ್ರಾಣವಿದ್ದ ದಿನ ಸಂಜೆ ಕೈಟಭೇಶ್ವರನ ಮುಂದಿನ ಮಂಟಪಕ್ಕೆ ಕರೆದೊಯ್ದು ಒಂದು ಕಂಬಕ್ಕೆ ಒರಗಿಸಿ ಕೂರಿಸಿ. ಮಂತ್ರ ನೀವು ಹೇಳಿ, ಅವರು ಕೇಳಲಿ.