ಸೀಮೆ ಮತ್ತು ಸನ್ನದು

ಅಂಕೋಲಾ ತಾಲೂಕಿನ ಹಿಲ್ಲೂರು ಇದ್ದಲ್ಲೇ ಇದೆ. ಆದರೆ ಅಲ್ಲಿನ ರೈತನ ಜಮೀನು ತಕರಾರು ಮೇಲ್ಮನವಿಯಾಗಿ ಯಾವ ಪಟ್ಟಣ ಸೇರಬೇಕೆಂಬುದು ಮೂರು ಸಲ ಬದಲಾಗಿದೆ. 1862ರವರೆಗೆ ಮದ್ರಾಸು, ಆ ವರ್ಷ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಮುಂಬಯಿ, 1956ರ ನವೆಂಬರ್ 1ರಿಂದ ಬೆಂಗಳೂರು, 2008ರ ಜುಲೈಯಿಂದ ಧಾರವಾಡದ ಪೀಠ. ಇಷ್ಟೆಲ್ಲ ಆದರೂ ಆ ರೈತ ಹೊಸದಾಗಿ ಯಾವ ಅರ್ಹತೆಯನ್ನೂ ಸಂಪಾದಿಸಬೇಕಾಗಲಿಲ್ಲ. ಅವನ ಪರವಾಗಿ ಮಾತಾಡುವ ವಕೀಲನ ಪಾಡು ಬೇರೆ. ಕಾರವಾರದ ಕೋರ್ಟಿನಲ್ಲಿ ಇಪ್ಪತ್ತು ವರ್ಷ ವಾದಿಸಿದವರೇ ಇರಲಿ, ಇಂಗ್ಲೆಂಡಿನಲ್ಲಿ ಸಾಲಿಸಿಟರ್ ಆಗಲು ಹೊರಟರೆ 2021ರಲ್ಲಿ ಜಾರಿಗೆ ಬಂದ ಅರ್ಹತಾ ಪರೀಕ್ಷೆಯನ್ನು ಎದುರಿಸಬೇಕು. ಅದರ ಮೊದಲ ಹಂತವೊಂದರಲ್ಲೇ 360 ಪ್ರಶ್ನೆಗಳಿವೆ. ಇದನ್ನು ಉದ್ಯೋಗದ ತೊಡಕೆಂದು ನೋಡುವವರೇ ಹೆಚ್ಚು. ನನಗೆ ಇದರೊಳಗೆ ಧರ್ಮಜಿಜ್ಞಾಸೆಯ ಹಳೆಯ ಪ್ರಶ್ನೆಯೊಂದು ಕಾಣುತ್ತದೆ: ನ್ಯಾಯವೆಂಬುದು ಎಲ್ಲ ಮನುಷ್ಯರಿಗೂ ಒಂದೇ ಆಗಿದ್ದರೆ, ನ್ಯಾಯಕ್ಕಾಗಿ ಮಾತಾಡುವ ಹಕ್ಕು ಗಡಿಯ ಹತ್ತಿರ ಬಂದು ಏಕೆ ನಿಲ್ಲಬೇಕು?

ವೈದ್ಯರಿಗೂ ಇಂಥ ಕಟ್ಟುಪಾಡುಗಳಿವೆ ಎನ್ನಬಹುದು. ಆದರೆ ಮನುಷ್ಯನ ಯಕೃತ್ತು ಎಲ್ಲ ದೇಶದಲ್ಲೂ ಬಲಗಡೆಗೇ ಇರುತ್ತದೆ. ಹೆಂಡತಿಯ ಆಸ್ತಿಹಕ್ಕು ಹಾಗಲ್ಲ, ಕಾರವಾರದ ಹತ್ತಿರದ ಮಾಜಾಳಿಯಲ್ಲಿ ಗೋವಾ ಗಡಿ ದಾಟಿದೊಡನೆ ಅದು ಬೇರೆಯಾಗುತ್ತದೆ. ಗೋವಾದಲ್ಲಿ ಇಂದಿಗೂ 1867ರ ಪೋರ್ಚುಗೀಸ್ ಸಿವಿಲ್ ಸಂಹಿತೆಯ ಕುಟುಂಬ ನಿಯಮಗಳು ನಡೆಯುತ್ತವೆ. ಮದುವೆಗೆ ಮೊದಲೇ ಬೇರೆ ಕರಾರು ಮಾಡಿಕೊಳ್ಳದಿದ್ದರೆ ಗಂಡ ಹೆಂಡಿರ ಆಸ್ತಿ ಇಬ್ಬರಿಗೂ ಸಮಪಾಲು. ಮಕ್ಕಳಿರುವವನು ಅರ್ಧಕ್ಕಿಂತ ಹೆಚ್ಚನ್ನು ಮರಣಶಾಸನದಲ್ಲಿ ಹೊರಗಿನವರಿಗೆ ಬರೆದುಕೊಡುವಂತಿಲ್ಲ. ಈ ಕಡೆ ಕಾರವಾರದಲ್ಲಿ, ಹಳೆಯ ಮಿತಾಕ್ಷರ ಗ್ರಂಥದ ಅವಿಭಕ್ತ ಕುಟುಂಬದ ಲೆಕ್ಕ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೂ ಪಾಲುಪಟ್ಟಿಯ ದಾವೆಗಳಲ್ಲಿ ಉಸಿರಾಡುತ್ತಲೇ ಇದೆ. ಎರಡೂ ಕಡೆ ಕೊಂಕಣಿ ಕೇಳಿಸುತ್ತದೆ, ನೆಂಟಸ್ತಿಕೆಗಳು ಗಡಿಯಾಚೆ ಈಚೆ ಹಬ್ಬಿವೆ. ಆದರೂ ಒಂದು ಕಡೆಯ ವಿಧವೆಗೆ ಹೇಳಬೇಕಾದ ಸಲಹೆಯನ್ನು ಇನ್ನೊಂದು ಕಡೆಯ ವಿಧವೆಗೆ ಹೇಳಿದರೆ ಅವಳ ಮನೆಯೇ ಹೋದೀತು.

ಇದನ್ನು ಬರೀ ಆಡಳಿತದ ಗೊಂದಲವೆಂದು ತಳ್ಳಿಹಾಕಲು ನಮ್ಮ ಧರ್ಮಶಾಸ್ತ್ರ ಪರಂಪರೆಯೇ ಬಿಡುವುದಿಲ್ಲ. ರಾಜನು ಹೊಸದಾಗಿ ಗೆದ್ದ ನಾಡಿನಲ್ಲಿ ಅಲ್ಲಿನ ಆಚಾರ, ವ್ಯವಹಾರ, ಕುಲಸ್ಥಿತಿಗಳನ್ನು ಇದ್ದಂತೆಯೇ ಪಾಲಿಸಬೇಕೆಂದು ಯಾಜ್ಞವಲ್ಕ್ಯ ಸ್ಮೃತಿ ಹೇಳುತ್ತದೆ. ಆ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಕಲ್ಯಾಣದಲ್ಲಿ, ಚಾಲುಕ್ಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ಇದ್ದವನು. ಕನ್ನಡ ನೆಲದಲ್ಲಿ ಹುಟ್ಟಿದ ಆ ಗ್ರಂಥ ಬಂಗಾಳದ ಕಡೆಯನ್ನು ಬಿಟ್ಟರೆ ಭಾರತದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿಯನ್ನು ಆಳಿತು. ಗ್ರಂಥ ಸೀಮೆಯನ್ನು ದಾಟಿತು ನಿಜ, ಆದರೆ ದಾಟಿದ ಕಡೆಯೆಲ್ಲ ಆಯಾ ದೇಶಾಚಾರಕ್ಕೆ ಜಾಗ ಬಿಟ್ಟುಕೊಂಡೇ ದಾಟಿತು. ಅಂದರೆ ಧರ್ಮ ಒಂದೇ ಎನ್ನುವುದಕ್ಕೂ ಅದು ಊರೂರಿಗೆ ಬೇರೆ ರೂಪ ತಾಳುತ್ತದೆ ಎನ್ನುವುದಕ್ಕೂ ಪರಂಪರೆಯಲ್ಲಿ ಜಗಳವಿರಲಿಲ್ಲ. ಇದೇ ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಲ್ಲಿ ಊರಗೌಡ, ಬುಧವಂತ, ಕೋಲಕಾರ ಸೇರಿ ನ್ಯಾಯ ಹೇಳುತ್ತಿದ್ದ ಪದ್ಧತಿಯಲ್ಲೂ ಇದೇ ತಿಳಿವಳಿಕೆ ಇದೆ. ಬುಧವಂತನ ಬುದ್ಧಿಗೆ ಎಲ್ಲೆಯಿಲ್ಲದಿರಬಹುದು, ಅವನ ಅಧಿಕಾರಕ್ಕೆ ಮಾತ್ರ ಊರುಂಟು, ಸೀಮೆಯುಂಟು.

ಹಾಗಾದರೆ ಗಡಿಯಲ್ಲಿ ವಕೀಲ ಕಳೆದುಕೊಳ್ಳುವುದೇನು? ಬುದ್ಧಿಯನ್ನಂತೂ ಅಲ್ಲ, ನ್ಯಾಯಪ್ರಜ್ಞೆಯನ್ನೂ ಅಲ್ಲ. ನನ್ನ ಮಟ್ಟಿಗೆ ಅವನು ಅಲ್ಲಿ ಕಳೆದುಕೊಳ್ಳುವುದು ಋಣವನ್ನು. ಒಂದು ನೆಲದ ಜನರಿಗೆ ತಾನು ಉತ್ತರ ಹೇಳಬೇಕು, ತಪ್ಪಿದರೆ ಅವರು ತನ್ನನ್ನು ಹಿಡಿದು ಕೇಳಬಹುದು ಎಂಬ ಕಟ್ಟು ಅದು. ವಕಾಲತ್ ನಾಮೆಯ ಹಾಳೆಯನ್ನು ಹತ್ತಿರದಿಂದ ನೋಡಿದರೆ ಇದು ಕಣ್ಣಿಗೇ ಬೀಳುತ್ತದೆ. ಓದು ಬರಹ ಬಾರದ ಕಕ್ಷಿದಾರರಾದರೆ ಶಾಯಿ ಹತ್ತಿದ ಎಡ ಹೆಬ್ಬೆಟ್ಟಿನ ಗುರುತು, ಗೆರೆಗಳು ಒಂದಿಷ್ಟು ಕದಡಿಕೊಂಡು ಹಾಳೆಯ ಮೇಲೆ ಕೂತಿರುತ್ತವೆ. ಕೆಳಗೆ ವಕೀಲರ ಸಹಿ, ಅದರಡಿ ಸನ್ನದಿನ ಸಂಖ್ಯೆ. ಆ ಸಂಖ್ಯೆಯ ಮೊದಲಲ್ಲಿ ರಾಜ್ಯವನ್ನು ಸೂಚಿಸುವ ಮೂರಕ್ಷರ. ತನ್ನ ನಾಲಿಗೆಯನ್ನು ಇನ್ನೊಬ್ಬನ ಕೈಗೆ ಕೊಟ್ಟವನು ಆ ಹೆಬ್ಬೆಟ್ಟಿನವನು. ಕೆಟ್ಟರೆ ಎಲ್ಲಿ ಹೋಗಿ ದೂರಬೇಕೆಂದು ಅವನಿಗೆ ಹೇಳುವುದು ಆ ಮೂರಕ್ಷರ. ಅಲಹಾಬಾದ್ ಹೈಕೋರ್ಟಿನ ಒಂದು ನಿಯಮದ ಪ್ರಕಾರ ಹೊರರಾಜ್ಯದ ಪಟ್ಟಿಯಲ್ಲಿರುವ ವಕೀಲ ಅಲ್ಲಿ ವಾದಿಸಬೇಕಾದರೆ ಸ್ಥಳೀಯ ವಕೀಲರೊಬ್ಬರು ಜೊತೆಗಿರಬೇಕು. 2016ರಲ್ಲಿ ಸುಪ್ರೀಂ ಕೋರ್ಟು ಈ ನಿಯಮವನ್ನು ಎತ್ತಿಹಿಡಿದಾಗ ಮುಖ್ಯ ಕಾರಣವಾಗಿ ನಿಂತದ್ದು ಉತ್ತರದಾಯಿತ್ವವೇ. ಹೊರಗಿನವನಿಗೆ ಕಾನೂನು ತಿಳಿಯದು ಎಂಬುದಲ್ಲ.

ಈ ಮಾತಿಗೆ ಇತಿಹಾಸದಿಂದಲೇ ಎದುರುತ್ತರ ಬರಬಹುದು. 1956ರಲ್ಲಿ ಮುಂಬಯಿ ಹೈಕೋರ್ಟಿನ ಅಧೀನದಿಂದ ಮೈಸೂರು ರಾಜ್ಯಕ್ಕೆ ಬಂದ ಕಾರವಾರದ ವಕೀಲರನ್ನು ಯಾರೂ ಪರೀಕ್ಷೆಗೆ ಕೂರಿಸಲಿಲ್ಲ. ಗೋವಾ 1961ರ ಡಿಸೆಂಬರ್ 19ರಂದು ಬಿಡುಗಡೆಯಾದ ಮೇಲೆ, ಪೋರ್ಚುಗೀಸ್ ಕಾನೂನಿನಡಿ ವಾದಿಸುತ್ತಿದ್ದವರನ್ನು ವಕೀಲರ ಪಟ್ಟಿಗೆ ಸೇರಿಸಿಕೊಳ್ಳಲು ವಕೀಲರ ಕಾಯ್ದೆಯಲ್ಲೇ ಪ್ರತ್ಯೇಕ ಕಲಮು ಬಂತು. ಗಡಿ ಸರಿದವರಿಗೆ ಇಲ್ಲದ ಪರೀಕ್ಷೆ ಗಡಿ ದಾಟಿದವರಿಗೆ ಏಕೆ, ಇದು ಮನಬಂದಂತೆ ಮಾಡಿದ ಭೇದವಲ್ಲವೇ ಎಂದು ಕೇಳಬಹುದು. ಅಲ್ಲ ಎಂದೇ ನನ್ನ ಉತ್ತರ, ಮತ್ತು ಈ ಎರಡು ಪ್ರಸಂಗಗಳೇ ಅದಕ್ಕೆ ಸಾಕ್ಷಿ. ಗೋವಾದ ಮಡಗಾಂವಿನ ವಕೀಲ ಸರಕಾರ ಬದಲಾದ ಮರುದಿನವೂ ಅದೇ ಕಕ್ಷಿದಾರರ ನಡುವೆ, ಅದೇ ಭಾಷೆಯಲ್ಲಿ, ಉಳಿಸಿಕೊಂಡ ಅದೇ ಕುಟುಂಬ ಕಾನೂನಿನ ಅಡಿಯಲ್ಲಿ ಇದ್ದ. ಅವನ ಋಣ ಕಡಿದುಹೋಗಿರಲಿಲ್ಲ, ಆದ್ದರಿಂದ ಹೊಸದಾಗಿ ಕಟ್ಟಿಕೊಳ್ಳಬೇಕಾಗಿಯೂ ಇರಲಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಋಣ, ಹೊಣೆ ಎಂಬ ದೊಡ್ಡ ಮಾತುಗಳ ಹಿಂದೆ ಒಳಗಿರುವವರು ಬಾಗಿಲು ಮುಚ್ಚಿಕೊಳ್ಳುವ ಸ್ವಾರ್ಥವಿದೆ ಎಂಬುದು. ಇದನ್ನು ಒಪ್ಪಲೇಬೇಕು. ಬ್ರಿಟಿಷರ ಕಾಲದಲ್ಲಿ ಲಂಡನ್ನಿನ ಬ್ಯಾರಿಸ್ಟರ್ ಮಿತಾಕ್ಷರದ ಒಂದು ಸಾಲು ಓದದಿದ್ದರೂ ಇಲ್ಲಿ ಮೇಲಿನ ದರ್ಜೆಯಲ್ಲಿ ಕೂರುತ್ತಿದ್ದ. ಇಲ್ಲಿಯ ಪರೀಕ್ಷೆಗಳನ್ನು ಪಾಸಾದ ವಕೀಲ ಅವನ ಕೆಳಗೆ. ಆ ವ್ಯವಸ್ಥೆ ಅಳೆದದ್ದು ಮೈಬಣ್ಣವನ್ನು, ಹಣವನ್ನು. 1894ರಲ್ಲಿ ಗಾಂಧೀಜಿ ದಕ್ಷಿಣ ಆಫ್ರಿಕದ ನಟಾಲಿನ ನ್ಯಾಯಾಲಯದಲ್ಲಿ ಹೆಸರು ನೋಂದಾಯಿಸಲು ಹೋದಾಗ ಅಲ್ಲಿನ ವಕೀಲರ ಸಂಘ ವಿರೋಧಿಸಿದ್ದೂ ಅವರ ಅರ್ಹತೆಯನ್ನು ನೋಡಿ ಅಲ್ಲ. ಕೋರ್ಟು ಆ ವಿರೋಧವನ್ನು ತಳ್ಳಿಹಾಕಿತು, ಪ್ರಮಾಣವಚನವಾದ ಮೇಲೆ ಪೇಟ ತೆಗೆಯಿರಿ ಎಂದಿತು. ಅವರು ತೆಗೆದರು. ಹಿಂದಿನ ವರ್ಷವಷ್ಟೇ ಡರ್ಬನ್ನಿನ ಕೋರ್ಟಿನಲ್ಲಿ ಇದೇ ಮಾತು ಬಂದಾಗ ಪೇಟ ತೆಗೆಯದೆ ಎದ್ದು ಹೊರನಡೆದಿದ್ದವರು ಅವರು. ನಡುವೆ ಬದಲಾದದ್ದು ಒಂದೇ: ಡರ್ಬನ್ನಿನಲ್ಲಿ ಅವರು ಹೊರಗಿನವರು, ನಟಾಲಿನ ಸುಪ್ರೀಂ ಕೋರ್ಟಿನಲ್ಲಿ ಪ್ರಮಾಣ ಮಾಡಿದವರು. ಸಣ್ಣದರಲ್ಲಿ ಆ ನೆಲದ ಕಟ್ಟಿಗೆ ತಲೆಬಾಗಿದ ಅವರೇ ದೊಡ್ಡದರಲ್ಲಿ ಅದೇ ನೆಲದ ಅನ್ಯಾಯವನ್ನು ಎರಡು ದಶಕ ಎದುರಿಸಿದರು. ಬಾಗಿಲು ಮುಚ್ಚುವ ಸ್ವಾರ್ಥಕ್ಕೂ ಒಳಬರುವವನು ತಾನಾಗಿ ಹೊರುವ ಕಟ್ಟಿಗೂ ಇರುವ ಅಂತರ ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲೂ ನನಗೆ ಕಂಡಿಲ್ಲ.

ದೇಶಾಚಾರಕ್ಕೆ ಇಷ್ಟು ಮಣೆ ಹಾಕಿದರೆ ಕೆಟ್ಟ ಆಚಾರಕ್ಕೂ ಮಣೆ ಹಾಕಿದಂತಾಯಿತು ಎಂಬ ಭಯವೂ ಸುಳ್ಳಲ್ಲ. ಮಹಾಡಿನ ಚವದಾರ ಕೆರೆಯ ವ್ಯಾಜ್ಯದಲ್ಲಿ ಸವರ್ಣೀಯರು ಮುಂದೊಡ್ಡಿದ್ದು ಆಚಾರವನ್ನೇ: ದಲಿತರು ಆ ನೀರು ಮುಟ್ಟದಿರುವುದು ಅನಾದಿ ಕಾಲದ ರೂಢಿ ಎಂದು. ಎದುರಾಳಿಯಾಗಿ ನಿಂತಿದ್ದ ಅಂಬೇಡ್ಕರ್ ಲಂಡನ್ನಿನ ಗ್ರೇಸ್ ಇನ್‌ನಲ್ಲಿ ಬ್ಯಾರಿಸ್ಟರ್ ಆದವರು. 1937ರ ಮಾರ್ಚ್ 17ರಂದು ಮುಂಬಯಿ ಹೈಕೋರ್ಟು ಆ ರೂಢಿ ಅನಾದಿ ಎಂಬುದು ಸಾಬೀತಾಗಿಲ್ಲ ಎಂದು ಹೇಳಿ ಅವರ ಪರವಾಗಿ ತೀರ್ಪು ಕೊಟ್ಟಿತು. ರೂಢಿಯನ್ನು ಮುರಿಯುವುದಕ್ಕೂ ಅದರ ವಯಸ್ಸನ್ನು, ದಾಖಲೆಯನ್ನು, ಆ ಕೆರೆ ಯಾರದೆಂಬುದನ್ನು ಬಲ್ಲವರೇ ಬೇಕಾಯಿತು. ದೂರದಲ್ಲಿ ಕಲಿತ ಸಮಾನತೆ ಆ ಕೆರೆಯ ದಡಕ್ಕೆ ಇಳಿದು ಬರದಿದ್ದರೆ ಗೆಲ್ಲುತ್ತಿರಲಿಲ್ಲ.

ಕಾರವಾರಕ್ಕೆ ಈ ವಿಚಾರದಲ್ಲಿ ಒಂದು ವಿಶೇಷ ನಂಟಿದೆ. ಐಸಿಎಸ್ ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥ ಠಾಕೂರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ದಾಯಭಾಗವೆಂಬ ಬೇರೆ ಆಸ್ತಿಪದ್ಧತಿಯ ಬಂಗಾಳದಿಂದ ಬಂದು ಮಿತಾಕ್ಷರದ ಸೀಮೆಯಲ್ಲಿ ತೀರ್ಪು ಹೇಳಿದವರು. ಅವರ ತಮ್ಮ ರವೀಂದ್ರನಾಥರು ಇಲ್ಲಿಗೆ ಬಂದಾಗ ಬರೆದ ನಾಟಕ ‘ಪ್ರಕೃತಿರ್ ಪ್ರತಿಶೋಧ್’. ಎಲ್ಲವನ್ನೂ ತೊರೆದು ಅನಂತವನ್ನು ಹುಡುಕಿದ ಸಂನ್ಯಾಸಿಯನ್ನು ಒಬ್ಬ ಹುಡುಗಿಯ ಮೇಲಿನ ಮಮತೆ ಲೋಕಕ್ಕೆ ಮರಳಿ ಕರೆಯುವ ಕಥೆ ಅದು. ಸೀಮೆಯೊಳಗೇ ಅಸೀಮವನ್ನು ಕೂಡುವ ಆನಂದ ತಮ್ಮ ಬರವಣಿಗೆಗೆಲ್ಲ ಹೊಕ್ಕಿರುವ ವಸ್ತುವೆಂದು ಅವರು ಮುಂದೆ ಈ ನಾಟಕವನ್ನು ನೆನೆಯುತ್ತ ಹೇಳಿಕೊಂಡರು. ನ್ಯಾಯದ ವಿಷಯದಲ್ಲೂ ಇದು ನಿಜವೆಂದು ನಾನು ನಂಬುತ್ತೇನೆ. ಯಾವ ಊರಿನದೂ ಅಲ್ಲದ ಶುದ್ಧ ನ್ಯಾಯ ಎಂಬುದನ್ನು ಯಾವ ಕಕ್ಷಿದಾರನೂ ಪಡೆದಿಲ್ಲ.

ಆದ್ದರಿಂದ ಮರು ಅರ್ಹತೆಯ ಬಗ್ಗೆ ನನ್ನ ತಕರಾರು ಅದು ಇರುವುದರ ಮೇಲಲ್ಲ, ಅದು ಕೇಳುವ ಪ್ರಶ್ನೆಗಳ ಮೇಲೆ. ನಮ್ಮ ಅಖಿಲ ಭಾರತ ವಕೀಲರ ಪರೀಕ್ಷೆ 100 ಬಹು ಆಯ್ಕೆಯ ಪ್ರಶ್ನೆಗಳದ್ದು, ಕನ್ನಡದಲ್ಲೂ ಬರೆಯಬಹುದು. ಕಲಮುಗಳು ಗೊತ್ತಿದ್ದರೆ ಸಾಕು. ರಾಜ್ಯದಿಂದ ರಾಜ್ಯಕ್ಕೆ ಸನ್ನದು ವರ್ಗಾಯಿಸಿಕೊಳ್ಳಲು ಅದೂ ಬೇಡ, ಒಂದು ಅರ್ಜಿ ಸಾಕು. ಕಲಬುರಗಿಯಿಂದ ಅಂಕೋಲೆಗೆ ಬರಲು ಆ ಅರ್ಜಿಯೂ ಬೇಕಿಲ್ಲ. ಆದರೆ ಅಲ್ಲಿನ ಹೈದರಾಬಾದ್ ಸಂಸ್ಥಾನದ ಕಾಲದ ಕಂದಾಯ ಪದ್ಧತಿಯಲ್ಲಿ ಪಳಗಿದವರಿಗೆ ಮೂಲಗೇಣಿಗೂ ಚಾಲಗೇಣಿಗೂ ಇದ್ದ ವ್ಯತ್ಯಾಸ, ಅಡಿಕೆ ತೋಟಕ್ಕೆ ಅಂಟಿಕೊಂಡ ಬೆಟ್ಟದ ಸೊಪ್ಪಿನ ಹಕ್ಕು, ಮುಂಬಯಿ ಕಾಲದ ಅರಣ್ಯ ರಿಯಾಯಿತಿಗಳ ಕಾಗದ, ಇವನ್ನು ಯಾರು ಕಲಿಸುತ್ತಾರೆ? ಇದನ್ನು ಕಲಿಯುವ ದಾರಿ ಒಂದೇ. ಹಿಲ್ಲೂರಿನಿಂದ ಮುಂಜಾನೆಯ ಬಸ್ಸು ಹಿಡಿದು ಬಂದವರು ಪ್ಲಾಸ್ಟಿಕ್ ಚೀಲದಿಂದ ಹಳೆಯ ಗೇಣಿಚೀಟಿಯನ್ನು ಮಡಿಕೆ ಹರಿಯದಂತೆ ಬಿಡಿಸಿ ಮೇಜಿನ ಮೇಲೆ ಇಟ್ಟಾಗ, ಸಹಿಗೆ ಆತುರಪಡದೆ ಅದರ ಕಥೆಯನ್ನು ಅವರ ಬಾಯಿಂದಲೇ ಪೂರ್ತಿ ಕೇಳುವುದು, ಹೆಬ್ಬೆಟ್ಟಿನ ಶಾಯಿಯ ಪೆಟ್ಟಿಗೆಯನ್ನು ಆಮೇಲೆ ತೆರೆಯುವುದು.