ರೆಪ್ಪೆಗೊಂದು ನಿತ್ಯಕರ್ಮ

ಯುಗಾದಿ ಸಂಚಿಕೆಗೆ ಏನಾದರೂ ತತ್ತ್ವದ ವಿಷಯ ಬರೆದುಕೊಡಿ ಎಂದು ಸಂಪಾದಕರು ಎರಡು ಸಲ ಫೋನ್ ಮಾಡಿದರು. ಉಪನಿಷತ್ತಿನ ಮೇಲೆ ಬರೆಯುವ ಯೋಗ್ಯತೆ ನನಗಿಲ್ಲ. ಓದಿದ್ದು ಇಂಜಿನಿಯರಿಂಗ್, ಹೊಟ್ಟೆಪಾಡು ಸಾಫ್ಟ್‌ವೇರ್. ಆದರೆ ಒಂದು ಪ್ರಶ್ನೆ ಎಂಟು ವರ್ಷಗಳಿಂದ ನನ್ನ ಕಣ್ಣ ರೆಪ್ಪೆಯ ಮೇಲೇ ಕೂತಿದೆ. ಅದನ್ನೇ ನಿಮ್ಮ ಮುಂದಿಡುತ್ತೇನೆ. ಪ್ರಾಣಕ್ಕೆ ಅಪಾಯವಿಲ್ಲದ, ಹೊರಗಿನವರಿಗೆ ಕಾಣದ, ಆದರೆ ಪೂರ್ತಿ ವಾಸಿಯೂ ಆಗದ ಒಂದು ಸಣ್ಣ ನೋವನ್ನು ಮನುಷ್ಯ ಏನು ಮಾಡಬೇಕು? ಸಹಿಸಿಕೊಂಡು ಸುಮ್ಮನಿರಬೇಕೋ, ದಿನಬೆಳಗಾದರೆ ಅದರ ಆರೈಕೆ ಮಾಡುತ್ತಾ ಕೂರಬೇಕೋ? ಹಾಗೆ ಕೂರುವುದು ದೇಹದ ಮೇಲಿನ ವ್ಯಾಮೋಹವೋ, ಕರ್ತವ್ಯವೋ?

ನನಗಿರುವುದು ಕಣ್ಣು ಒಣಗುವ ತೊಂದರೆ ಮತ್ತು ಅದರ ಬೆನ್ನಿಗೇ ಬರುವ ರೆಪ್ಪೆಯ ಉರಿಯೂತ. ಡಾಕ್ಟರರ ಬಾಯಲ್ಲಿ ಡ್ರೈ ಐ, ಬ್ಲೆಫರೈಟಿಸ್. 26ನೇ ವಯಸ್ಸಿನಲ್ಲಿ ಶುರುವಾಯಿತು. ಬೆಳಿಗ್ಗೆ ಏಳುವಾಗ ರೆಪ್ಪೆಗೂದಲಿನ ಬುಡದಲ್ಲೆಲ್ಲ ಗೀಜು, ತಲೆಹೊಟ್ಟಿನಂಥ ಪುಡಿ. ರೆಪ್ಪೆ ಬಿಡಿಸಲು ನೀರು ಹಚ್ಚಬೇಕು. ಹತ್ತು ಗಂಟೆಯ ಹೊತ್ತಿಗೆ ಕಣ್ಣಲ್ಲಿ ಮರಳು ಬಿದ್ದ ಹಾಗೆ, ಸಂಜೆ ನಾಲ್ಕಕ್ಕೆ ಮೆಣಸಿನ ಕೈ ತಗುಲಿದ ಹಾಗೆ. ತಮಾಷೆಯೆಂದರೆ ಒಣಗಿದ ಕಣ್ಣೆಂದು ಹೆಸರು, ಸುರಿಯುವುದು ಮಾತ್ರ ಧಾರಾಕಾರ ನೀರು. "ಯಾಕ್ರೀ, ಅತ್ತಿದ್ದೀರಾ?" ಎಂದು ಕೇಳುವವರಿಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ.

ಇದರ ಕಾರಣ ತಿಳಿದಾಗ ಇಂಜಿನಿಯರ್ ಬುದ್ಧಿಗೆ ಸಂತೋಷವೇ ಆಯಿತೆನ್ನಬೇಕು. ಕಣ್ಣೀರು ಬರೀ ನೀರಲ್ಲ. ಕಣ್ಣಿಗೆ ಅಂಟಿಕೊಳ್ಳಲು ಲೋಳೆ, ಅದರೊಂದಿಗೆ ನೀರು, ಮೇಲೆ ಎಣ್ಣೆಯ ತೆಳು ಪದರ. ಎಲ್ಲ ಸೇರಿ ಸುಮಾರು 3 ಮೈಕ್ರಾನ್ ದಪ್ಪ. ನಮ್ಮ ತಲೆಗೂದಲು ಅದಕ್ಕಿಂತ ಎಷ್ಟೋ ಪಟ್ಟು ದಪ್ಪ. ಎಣ್ಣೆ ಕೊಡುವುದು ರೆಪ್ಪೆಯಂಚಿನ ಗ್ರಂಥಿಗಳು. ಮೇಲಿನ ರೆಪ್ಪೆಯಲ್ಲಿ 25ರಿಂದ 40, ಕೆಳಗಿನದರಲ್ಲಿ 20ರಿಂದ 30 ಇರುತ್ತವೆ. ಜರ್ಮನಿಯ ವೈದ್ಯ ಹೈನ್‌ರಿಖ್ ಮೈಬೋಮ್ 1666ರಲ್ಲಿ ಇವನ್ನು ವಿವರಿಸಿದ್ದರಿಂದ ಅವು ಇವತ್ತಿಗೂ ಅವನ ಹೆಸರಿನಲ್ಲೇ ಇವೆ. ಈ ಎಣ್ಣೆ ತಿಳಿಯಾಗಿ ಹರಿಯಬೇಕು. ನನ್ನಂಥವರಲ್ಲಿ ಅದು ಇಲ್ಲಿಯ ಜನವರಿಯಲ್ಲಿ ನಮ್ಮ ಕೊಬ್ಬರಿ ಎಣ್ಣೆಯ ಬಾಟಲಿಗೆ ಆಗುವ ಗತಿಯಾಗಿರುತ್ತದೆ. ಮುಚ್ಚಳವಿಲ್ಲದ ನೀರು ಬೇಗ ಆರುತ್ತದೆ, ಕಣ್ಣು ಉರಿಯುತ್ತದೆ, ಉರಿಗೆ ಬೆದರಿದ ಕಣ್ಣು ಇನ್ನಷ್ಟು ನೀರು ಸುರಿಸುತ್ತದೆ. ಎಣ್ಣೆಯಿಲ್ಲದ ಆ ನೀರು ನಿಲ್ಲುವುದಿಲ್ಲ. ಸೋರುವ ಟ್ಯಾಂಕಿಗೆ ಮೋಟಾರು ಹಾಕಿಟ್ಟ ಹಾಗೆ.

ಪರೀಕ್ಷೆಗೆ ಹೋದರೆ ಕೆಳರೆಪ್ಪೆಗೆ ಒಂದು ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷ ಕೂರಿಸುತ್ತಾರೆ. 10 ಮಿಲಿಮೀಟರಿಗಿಂತ ಹೆಚ್ಚು ಒದ್ದೆಯಾದರೆ ಸರಿಯಿದೆ ಎಂದರ್ಥ, ನನ್ನದು 14. ದೃಷ್ಟಿ 20/20. ಹಳದಿ ಬಣ್ಣ ಹಾಕಿ ನೋಡಿದಾಗ ಮಾತ್ರ 10 ಸೆಕೆಂಡಾದರೂ ಒಡೆಯದೆ ನಿಲ್ಲಬೇಕಾದ ಕಣ್ಣೀರಿನ ಪೊರೆ ಮೂರೇ ಸೆಕೆಂಡಿಗೆ ಒಡೆದಿತ್ತು. ಈ ಕಾಯಿಲೆಯಲ್ಲಿ ಪರೀಕ್ಷೆಯ ಅಂಕಿಗೂ ರೋಗಿಯ ನೋವಿಗೂ ಹೊಂದಿಕೆಯಾಗದಿರುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಅಂಕಿಯಲ್ಲಿ ಕಾಣದ ನೋವನ್ನು ನಂಬಿಸುವುದೇ ಒಂದು ಕೆಲಸ. ಮಿನ್ನೆಸೋಟದ ಚಳಿಗಾಲದಲ್ಲಿ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಮನೆಯ ಹೀಟರು ಒಣಗಾಳಿ ಊದುತ್ತಲೇ ಇರುತ್ತದೆ. ತೀರ್ಥಹಳ್ಳಿಯ ಮಳೆಯಲ್ಲಿ ಬಟ್ಟೆ ಒಣಗುವುದಿಲ್ಲವೆಂದು ಅಮ್ಮ ಗೊಣಗುವಾಗ ನನಗೆ ಹೊಟ್ಟೆಕಿಚ್ಚಾಗುತ್ತದೆ.

ಕಂಪ್ಯೂಟರ್ ನೋಡಿ ನೋಡಿ ಹೀಗಾಯಿತು ಎನ್ನುವವರೇ ಹೆಚ್ಚು. ಅದರಲ್ಲಿ ಸತ್ಯವಿದೆ. 1993ರಲ್ಲಿ ಜಪಾನಿನ ಇಬ್ಬರು ಆಫೀಸು ಕೆಲಸಗಾರರ ರೆಪ್ಪೆಬಡಿತ ಎಣಿಸಿ ಪ್ರಕಟಿಸಿದರು. ಸುಮ್ಮನೆ ಕೂತಾಗ ನಿಮಿಷಕ್ಕೆ ಸರಾಸರಿ 22, ಪುಸ್ತಕ ಓದುವಾಗ 10, ಕಂಪ್ಯೂಟರಿನ ಮುಂದೆ 7. ಪ್ರತಿ ಬಡಿತವೂ ಒಂದಿಷ್ಟು ಎಣ್ಣೆ ಹಿಂಡಿ ಹರಡುವ ಕೆಲಸ ಮಾಡುವುದರಿಂದ, ಎವೆಯಿಕ್ಕದೆ ನೋಡುವ ನಮ್ಮ ವೃತ್ತಿ ಕಣ್ಣಿಗೆ ಒಳ್ಳೆಯದಲ್ಲ. ಆದರೆ ಸುಶ್ರುತ ಸಂಹಿತೆಯ ಉತ್ತರತಂತ್ರ ಕಣ್ಣಿನ 76 ರೋಗಗಳನ್ನು ಹೇಳಿ, ಅದರಲ್ಲಿ 21 ರೆಪ್ಪೆಗೇ ಸೇರಿದವು ಎನ್ನುತ್ತದೆ. ಶುಷ್ಕಾಕ್ಷಿಪಾಕ ಎಂಬ ಹೆಸರೂ ಅಲ್ಲಿದೆ. ಆ ಕಾಲದಲ್ಲಿ ಯಾರೂ ಕೋಡ್ ಬರೆಯುತ್ತಿರಲಿಲ್ಲ. (ಹಾಗೆಂದು ಈಗಿನದೆಲ್ಲ ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತು ಎಂಬ ಸಾಲಿಗೆ ನನ್ನನ್ನು ಸೇರಿಸಬೇಡಿ.)

ನಿಮಿಷ ಎಂಬ ಮಾತಿನ ಮೂಲಾರ್ಥವೇ ಒಂದು ಸಲ ರೆಪ್ಪೆ ಬಡಿಯುವ ಹೊತ್ತು. ಇದಕ್ಕೆ ಪುರಾಣದಲ್ಲೊಂದು ಕಥೆಯಿದೆ. ಜನಕನ ವಂಶದ ಮೂಲಪುರುಷ ನಿಮಿ ವಸಿಷ್ಠರ ಶಾಪದಿಂದ ದೇಹ ಕಳೆದುಕೊಂಡ. ದೇವತೆಗಳು ಮತ್ತೆ ದೇಹ ಕೊಡುತ್ತೇವೆ ಎಂದರೂ ಅವನು ಬೇಡವೆಂದ. ಕೊನೆಗೆ ಅವನಿಗೆ ಎಲ್ಲ ಜೀವಿಗಳ ರೆಪ್ಪೆಯಲ್ಲಿ ವಾಸ ಸಿಕ್ಕಿತಂತೆ. ದೇವತೆಗಳಿಗೆ ಮಾತ್ರ ರೆಪ್ಪೆ ಬಡಿಯುವ ಹಂಗಿಲ್ಲ, ಅದಕ್ಕೇ ಅವರು ಅನಿಮಿಷರು. ದಮಯಂತಿ ತನ್ನ ಸ್ವಯಂವರದಲ್ಲಿ ನಲನ ವೇಷದಲ್ಲಿ ಕೂತ ದೇವತೆಗಳ ನಡುವೆ ನಿಜವಾದ ನಲನನ್ನು ಗುರುತಿಸಿದ ಗುರುತುಗಳಲ್ಲಿ ಇದೂ ಒಂದು: ಅವನೊಬ್ಬನ ರೆಪ್ಪೆ ಬಡಿಯುತ್ತಿತ್ತು, ಮೈ ಬೆವೆತಿತ್ತು, ಮಾಲೆ ಬಾಡಿತ್ತು. ದೇಹ ಬೇಡವೆಂದ ನಿಮಿಗೂ ದೇಹದ ಒಂದು ಅಂಚಿನಲ್ಲಿ ಮನೆ ಹುಡುಕಬೇಕಾಯಿತು ಎನ್ನುವುದು ನನಗೆ ಬಹಳ ಇಷ್ಟ.

ಈಗ ಪ್ರಶ್ನೆಗೆ ಬರುತ್ತೇನೆ.

ಸಮಾಧಾನ ಹೇಳುವವರಲ್ಲಿ ಹಲವರು "ಕಣ್ಣೇ ಇಲ್ಲದವರು ಎಷ್ಟು ಜನ ಇದ್ದಾರೆ, ನಿನ್ನದೇನು ಮಹಾ" ಎನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ನನಗಿದು ಒಪ್ಪಿಗೆಯಿಲ್ಲ. ಇನ್ನೊಬ್ಬರ ಕುರುಡು ನನ್ನ ಉರಿಗೆ ಔಷಧಿಯಾಗುವುದಾದರೆ, ಅವರ ಕಷ್ಟ ಇದ್ದಷ್ಟೂ ನನಗೆ ಲಾಭ ಎಂದಾಯಿತು. ಕಣ್ಣಿಲ್ಲದವರ ಬಗ್ಗೆ ಯೋಚಿಸುವುದಿದ್ದರೆ ಅವರಿಗೆ ಆಗಬೇಕಾದ್ದರ ಬಗ್ಗೆ ಯೋಚಿಸೋಣ. ನನ್ನ ನೋವು ಎಷ್ಟಿದೆಯೋ ಅಷ್ಟಿದೆ. ಅದನ್ನು ಹಿಗ್ಗಿಸುವುದೂ ಬೇಡ, ಪಕ್ಕದವರ ಅಳತೆಗೋಲಿಟ್ಟು ಕುಗ್ಗಿಸುವುದೂ ಬೇಡ. ಇನ್ನು ನಂದಬಟ್ಟಲು ಹೂವು, ಹರಳೆಣ್ಣೆ, ಎದೆಹಾಲು ಹೇಳಿದ ಹಿರಿಯರಿಗೆಲ್ಲ ನಮಸ್ಕಾರ ಹೇಳಿ ಬಂದಿದ್ದೇನೆ. ಕಣ್ಣಿನೊಳಗೆ ಶುದ್ಧೀಕರಿಸದ ಏನನ್ನೂ ಬಿಡಬಾರದು ಎಂಬ ಡಾಕ್ಟರರ ಮಾತೇ ನನಗೆ ಪ್ರಮಾಣ.

ಗಂಭೀರವಾಗಿ ತೆಗೆದುಕೊಳ್ಳಬೇಕಾದ ಸಲಹೆ ತಿತಿಕ್ಷೆಯದು. ಗೀತೆಯ ಎರಡನೆಯ ಅಧ್ಯಾಯದ 14ನೇ ಶ್ಲೋಕದಲ್ಲಿ ಕೃಷ್ಣ ಅರ್ಜುನನಿಗೆ ಚಳಿ, ಸೆಕೆ, ಸುಖ, ದುಃಖ ಎಲ್ಲ ಇಂದ್ರಿಯಗಳ ಸಂಪರ್ಕದಿಂದ ಹುಟ್ಟುವಂಥವು, ಬಂದು ಹೋಗುವಂಥವು, ಸಹಿಸಿಕೋ ಎನ್ನುತ್ತಾನೆ. ಇದನ್ನು ಭಾನುವಾರದ ಗೀತಾ ತರಗತಿಯಲ್ಲಿ ಕೇಳುವಾಗ ನನಗೊಂದು ತುಂಟ ಸಂಶಯ ಬಂತು. ಬಂದು ಹೋಗುವುದನ್ನು ಸಹಿಸಬಹುದು, ಬಂದು ಹೋಗದೇ ಇರುವುದನ್ನು? ಜ್ವರಕ್ಕೆ ಒಂದು ಕೊನೆಯಿದೆ, ಹೆರಿಗೆ ನೋವಿಗೂ ಇದೆ. ಎರಡನ್ನೂ ಕಂಡಿದ್ದೇನೆ. ಮುಗಿಯುತ್ತದೆಂಬ ಭರವಸೆಯೇ ಸಹನೆಯ ಅರ್ಧ ಬಲ. ಆ ಅರ್ಧ ಇಲ್ಲದಿದ್ದಾಗ ಏನು ಮಾಡಬೇಕು?

ಶಂಕರಾಚಾರ್ಯರದೆಂದು ಪರಂಪರೆ ಹೇಳುವ ವಿವೇಕಚೂಡಾಮಣಿ ಇನ್ನೂ ಬಿಗಿಯಾಗಿದೆ. ಅಲ್ಲಿ ತಿತಿಕ್ಷೆ ಎಂದರೆ ಪರಿಹಾರ ಮಾಡಿಕೊಳ್ಳಲು ಹೋಗದೆ, ಚಿಂತಿಸದೆ, ಗೋಳಾಡದೆ ಎಲ್ಲ ದುಃಖವನ್ನೂ ತಡೆದುಕೊಳ್ಳುವುದು. ಚಿಂತೆ ಬೇಡ, ಗೋಳು ಬೇಡ ಎನ್ನುವುದನ್ನು ಪೂರ್ತಿ ಒಪ್ಪುತ್ತೇನೆ. ಪರಿಹಾರ ಬೇಡ ಎನ್ನುವುದು ಸಂನ್ಯಾಸಿಗೆ ಸರಿಯಿರಬಹುದು. ಆರು ವರ್ಷದ ಮಗಳನ್ನು ಸಂಜೆ ಐದೂವರೆಗೆ ಮಂಜಿನಲ್ಲಿ ಕಾರಿನಲ್ಲಿ ಕರೆದುಕೊಂಡು ಬರಬೇಕಾದ ತಾಯಿಗೆ ಸರಿಯಲ್ಲ. ನನ್ನ ಕಣ್ಣು ಮಂಜಾದರೆ ಅದರ ಫಲ ನನ್ನೊಬ್ಬಳದಲ್ಲ.

ಹಾಗಾದರೆ ಪರಿಹಾರ ಮಾಡೋಣವೆಂದರೆ ಇನ್ನೊಂದು ಬಲೆ. ನಮ್ಮ ವೃತ್ತಿಯಲ್ಲಿ ಬಗ್ ಇದ್ದರೆ ಟಿಕೆಟ್, ಸರಿಮಾಡಿದರೆ ಟಿಕೆಟ್ ಕ್ಲೋಸ್. ಈ ಟಿಕೆಟ್ ಕ್ಲೋಸ್ ಆಗುವುದಿಲ್ಲ. ಹೊಸ ಔಷಧಿಗಳು ಬರುತ್ತಲೇ ಇವೆ. ಅಮೆರಿಕದ ಎಫ್‌ಡಿಎ 2002ರ ಕೊನೆಯಲ್ಲಿ ಸೈಕ್ಲೋಸ್ಪೋರಿನ್ ಹನಿಗೆ, 2016ರಲ್ಲಿ ಲಿಫಿಟೆಗ್ರಾಸ್ಟ್‌ಗೆ, 2023ರಲ್ಲಿ ಕಣ್ಣೀರು ಆರದಂತೆ ತಡೆಯುವ ಒಂದು ಹನಿಗೆ ಒಪ್ಪಿಗೆ ಕೊಟ್ಟಿತು. ಇವುಗಳಿಂದ ಎಷ್ಟೋ ಜನರಿಗೆ ಉಪಕಾರವಾಗಿದೆ, ನನಗೂ ಒಂದರಿಂದ ಸ್ವಲ್ಪ ಆಗಿದೆ. ಆದರೆ ಪ್ರತಿ ಹೊಸ ಹನಿಯ ಹಿಂದೆಯೂ ಮೂರು ತಿಂಗಳ ಆಸೆ, ಆಮೇಲೆ ಒಂದು ವಾರದ ಬೇಸರ. ಬೇಸರದ ಆ ವಾರದಲ್ಲಿ "ಏನು ಮಾಡಿದರೂ ಅಷ್ಟೇ" ಎಂದು ದಿನದ ಶಾಖವನ್ನೂ ಬಿಟ್ಟುಬಿಡುವುದು ಇಂಥ ಕಾಯಿಲೆಯವರಲ್ಲಿ ತುಂಬ ಸಾಮಾನ್ಯ.

ದಿನದ ಕೆಲಸ ದೊಡ್ಡದೇನಲ್ಲ. ರಾತ್ರಿ ಹತ್ತು ನಿಮಿಷ ಕಣ್ಣು ಮುಚ್ಚಿ ಬಿಸಿ ಮಾಸ್ಕಿನ ಶಾಖ. ಆಮೇಲೆ ರೆಪ್ಪೆಯಂಚಿನ ಕಡೆಗೆ ಬೆರಳಿನಿಂದ ಮೆಲ್ಲಗೆ ನೀವಿ, ಬುಡದ ಪುಡಿಯನ್ನು ಒರೆಸಿ ತೆಗೆಯುವುದು. ಹಗಲಲ್ಲಿ ನಾಲ್ಕು ಸಲ, ಕೆಡದಂತೆ ಹಾಕುವ ರಾಸಾಯನಿಕವಿಲ್ಲದ ಹನಿ. ಇದನ್ನು ಮಾಡಿದರೆ ಕಾಯಿಲೆ ಹೋಗುವುದಿಲ್ಲ. ಮಾಡದಿದ್ದರೆ ನಾಲ್ಕೇ ದಿನದಲ್ಲಿ ಹೆಚ್ಚಾಗುತ್ತದೆ.

ಈ ಲೆಕ್ಕವನ್ನು ನಾನು ಬೇರೆ ಎಲ್ಲೋ ಕೇಳಿದ್ದೇನಲ್ಲ ಎನಿಸಿತು. ನಮ್ಮ ಶಾಸ್ತ್ರದಲ್ಲಿ ಕಾಮ್ಯಕರ್ಮ ಎಂದರೆ ಫಲ ಬಯಸಿ ಮಾಡುವುದು. ನಿತ್ಯಕರ್ಮ ಹಾಗಲ್ಲ, ಮಾಡಿದರೆ ವಿಶೇಷ ಫಲವೇನಿಲ್ಲ, ಬಿಟ್ಟರೆ ದೋಷ. (ಮಾಡದೇ ಇರುವುದೆಂಬ ಅಭಾವದಿಂದ ದೋಷವೆಂಬ ಭಾವ ಹೇಗೆ ಹುಟ್ಟೀತು ಎಂದು ಶಂಕರರು ಭಾಷ್ಯದಲ್ಲಿ ಕೇಳಿದ್ದಾರೆ. ನನ್ನ ರೆಪ್ಪೆಗಳಿಗೆ ಆ ವಾದ ತಿಳಿದಂತಿಲ್ಲ.) ನಾನು ರೆಪ್ಪೆಯ ಶಾಖವನ್ನು ಕಾಮ್ಯದ ಪಟ್ಟಿಯಿಂದ ತೆಗೆದು ನಿತ್ಯದ ಪಟ್ಟಿಗೆ ಹಾಕಿದೆ. ಹೊಸ ಔಷಧಿಯೆಂಬ ಕಾಮ್ಯವೂ ಇರಲಿ, ತಪ್ಪಿಲ್ಲ. ಒಂದರ ಸೋಲು ಇನ್ನೊಂದಕ್ಕೆ ತಗುಲಬಾರದು, ಅಷ್ಟೇ.

ನಿತ್ಯಕರ್ಮವೆಂದರೆ ಸಂಧ್ಯಾವಂದನೆಯೇ ಆಗಬೇಕಿಲ್ಲ. ಅಮ್ಮ ದಿನಾ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಾಳೆ. ಮಳೆಗಾಲದಲ್ಲಿ ಅದು ಅರ್ಧ ಗಂಟೆಯೂ ಉಳಿಯುವುದಿಲ್ಲ. ನಿನ್ನೆಯ ರಂಗೋಲಿ ಅಳಿಸಿಹೋಯಿತು, ಆದ್ದರಿಂದ ರಂಗೋಲಿ ಫೇಲಾಯಿತು ಎಂದು ಅವಳು ಯಾವತ್ತೂ ಹೇಳಿದ್ದಿಲ್ಲ. ಈ ಹೋಲಿಕೆಯನ್ನು ಫೋನಿನಲ್ಲಿ ಹೇಳಿದಾಗ ಅಮ್ಮ "ಹೌದಮ್ಮ, ನೀನು ಬೆಳಿಗ್ಗೆ ರಂಗೋಲಿನೂ ಹಾಕಲ್ಲ, ಅದಕ್ಕೆ ಕಣ್ಣಿಗೆ ಬಂತು" ಎಂದಳು. ಅಪ್ಪ ಹಿಂದಿನಿಂದ "ಮಡಿಯಲ್ಲಿ ಮಾಡ್ತೀಯೇನೇ?" ಎಂದು ಕೇಳಿ ನಕ್ಕರು.

ಇಷ್ಟಾದರೂ ಒಂದು ಗಂಟು ಬಿಚ್ಚಿಲ್ಲ. ಎರಡು ವರ್ಷದ ಹಿಂದೆ ಆಫೀಸಿನಲ್ಲಿ ಮೇಲಿನ ಹುದ್ದೆಯೊಂದನ್ನು ವಹಿಸಿಕೊಳ್ಳುತ್ತೀಯಾ ಎಂದು ಕೇಳಿದರು. ವಾರಕ್ಕೆ ಮೂರು ರಾತ್ರಿ ಬೆಂಗಳೂರಿನ ತಂಡದ ಜೊತೆ ಕೆಲಸ. ರಾತ್ರಿ ಹತ್ತರ ಮೇಲೆ ಇನ್ನೂ ಎರಡು ತಾಸು ತೆರೆಯ ಮುಂದೆ ಕೂತರೆ ಮರುದಿನ ಮಧ್ಯಾಹ್ನದವರೆಗೆ ಕಣ್ಣು ಬಿಡಲಾಗುವುದಿಲ್ಲ. ಬೇಡ ಎಂದೆ. ಗೀತೆಯ ಹದಿನೆಂಟನೇ ಅಧ್ಯಾಯದಲ್ಲಿ, ದೇಹಕ್ಕೆ ಕಷ್ಟವೆಂಬ ಭಯದಿಂದ ಕರ್ಮ ಬಿಡುವುದು ರಾಜಸ ತ್ಯಾಗ, ಅದಕ್ಕೆ ತ್ಯಾಗದ ಫಲವಿಲ್ಲ ಎಂದಿದೆ. ನಾನು ಬಿಟ್ಟಿದ್ದು ಭಯದಿಂದಲೋ, ಇರುವ ಕಣ್ಣನ್ನು ಮನೆಗೂ ಆಫೀಸಿಗೂ ಸರಿಯಾಗಿ ಹಂಚುವ ಲೆಕ್ಕದಿಂದಲೋ? ಎರಡೂ ಇದ್ದವು ಎಂದೇ ನನ್ನ ಅನಿಸಿಕೆ. ಆ ಹುದ್ದೆಗೆ ಬಂದವರು ನನಗಿಂತ ಚಿಕ್ಕವರು. ಅವರ ಹೆಸರಿನ ಮೇಲ್ ಬಂದಾಗ ಈಗಲೂ ಒಳಗೊಂದು ಸಣ್ಣ ಉರಿ ಏಳುತ್ತದೆ. ಅದಕ್ಕೆ ಹನಿ ಸಿಕ್ಕಿಲ್ಲ. ಆದರೆ ಮಲಗುವ ಮುಂಚೆ ಮಗಳಿಗೆ ಕಥೆ ಓದುವಷ್ಟು ಕಣ್ಣು ಉಳಿಯುತ್ತದೆ. ಉಳಿಯದ ದಿನ ಅವಳೇ ಓದುತ್ತಾಳೆ, ನಾನು ಮಾಸ್ಕ್ ಹಾಕಿಕೊಂಡು ಕೇಳುತ್ತೇನೆ; ಕಷ್ಟದ ಶಬ್ದ ಬಂದರೆ ಹಾರಿಸಿಬಿಡುತ್ತಾಳೆ, ನನಗೆ ಕಾಣುವುದಿಲ್ಲವೆಂದು ಅವಳಿಗೆ ಗೊತ್ತು.

ಇದನ್ನೆಲ್ಲ ನಾಲ್ಕು ಜನರಿಗೆ ಹೇಳಬೇಕೇ ಎಂಬುದೂ ಒಂದು ಪ್ರಶ್ನೆ. ಅನುಕಂಪಕ್ಕಾಗಿ ಹೇಳುವುದು ನನಗೆ ಸೇರದು. ಆದರೆ ಹೇಳಿದರೆ ಏನಾದರೂ ಅನುಕೂಲವಾಗುವ ಕಡೆ ಸುಮ್ಮನಿರುವುದು ಸಹನೆಯಲ್ಲ, ಬಿಗುಮಾನ. ಆಫೀಸಿನಲ್ಲಿ ಹೇಳಿದ್ದಕ್ಕೆ ಗಾಳಿಯ ಕಿಂಡಿಯ ಕೆಳಗಿನ ಸೀಟು ಬದಲಾಯಿತು. ನಿಮ್ಮಲ್ಲೂ ಮೂವತ್ತು ತುಂಬದ ಎಷ್ಟೋ ಮಂದಿ ಕೆಂಪು ಕಣ್ಣು ಉಜ್ಜಿಕೊಳ್ಳುತ್ತಾ "ನಿದ್ದೆ ಕಡಿಮೆ" ಎಂದು ಹೇಳುವುದನ್ನು ಪ್ರಸಾದದ ಸಾಲಿನಲ್ಲಿ ನೋಡಿದ್ದೇನೆ. ದಯವಿಟ್ಟು ಒಮ್ಮೆ ಕಣ್ಣಿನ ಡಾಕ್ಟರರ ಹತ್ತಿರ ಹೋಗಿಬನ್ನಿ. ದೃಷ್ಟಿ ಏಕಾಏಕಿ ಕಡಿಮೆಯಾದರೆ, ನೋವು ಜೋರಾದರೆ, ಬೆಳಕು ನೋಡಲಾಗದಿದ್ದರೆ ಮರುದಿನದವರೆಗೂ ಕಾಯಬೇಡಿ.

ಕೊನೆಯದಾಗಿ ನಮ್ಮ ದೇವಸ್ಥಾನದವರಿಗೇ ಒಂದು ಮಾತು. ಹೋಮದ ದಿನ ನಾನು ಹಿಂದೆ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುತ್ತೇನೆ. ಭಕ್ತಿ ಕಡಿಮೆಯೆಂದು ಒಬ್ಬ ಹಿರಿಯರು ನಗುತ್ತಲೇ ಅಂದಿದ್ದರು. ಹೊಗೆ ತಾಗಿದರೆ ನನಗೆ ಎರಡು ದಿನ ಬೇಕು ಚೇತರಿಸಿಕೊಳ್ಳಲು, ಅಷ್ಟೇ ವಿಷಯ. ಮಂತ್ರ ಅಲ್ಲಿಗೂ ಚೆನ್ನಾಗಿ ಕೇಳಿಸುತ್ತದೆ. ಮುಂದೆ ಬನ್ನಿ ಎಂದು ಕರೆಯಬೇಡಿ. ಪೂರ್ಣಾಹುತಿ ಆದ ಮೇಲೆ ಪ್ರಸಾದವನ್ನು ಯಾರಾದರೂ ಅಲ್ಲಿಗೇ ತಂದುಕೊಟ್ಟರೆ ಸಂತೋಷ.