ಪಂಕ್ತಿಯ ಅಳತೆಯ ಅಂಗಳ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು." ಈ ಗಾದೆಗೆ ಖರ್ಚಿನ ಅರ್ಥ ಹೇಳಿ ಮುಗಿಸುವುದು ರೂಢಿ. ಎರಡೂ ಅಂದಾಜು ಮೀರುವ ಕೆಲಸ, ಎರಡಕ್ಕೂ ಸಾಲ. ಅದೇನೋ ಸರಿಯೇ. ಆದರೆ ಕುಮಟಾ, ಹೊನ್ನಾವರ ಕಡೆಯ ಹಳೆಯ ಮನೆಗಳಲ್ಲಿ ಓಡಾಡಿದವರಿಗೆ ಇನ್ನೊಂದು ಅರ್ಥವೂ ಹೊಳೆಯಬೇಕು. ಅಲ್ಲಿ ಮದುವೆ ನಡೆಯುತ್ತಿದ್ದುದೇ ಮನೆಯಲ್ಲಿ. ಹಾಗಾಗಿ ಪಾಯ ತೆಗೆಯುವ ದಿನವೇ ಮದುವೆಯ ಲೆಕ್ಕವೂ ಶುರು.

ಅಂಗಳವನ್ನೇ ನೋಡಿ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಹೊಯ್ಯುವ ಸೀಮೆಯಿದು. ಜೂನ್‌ನಿಂದ ನಾಲ್ಕು ತಿಂಗಳು ಅಂಗಳ ಪಾಚಿಗಟ್ಟಿ ಬಿದ್ದಿರುತ್ತದೆ. ಬದುಕೆಲ್ಲ ಜಗಲಿಯ ಮೇಲೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದ ಊರುಗಳಲ್ಲವೇ, ಆಟ ನಿಂತ ಆ ತಿಂಗಳುಗಳಲ್ಲಿ ತಾಳಮದ್ದಳೆಗೂ ಜಗಲಿಯೇ ಗತಿ. ಮಳೆ ಹಿಂದಾದ ಮೇಲೆ ಕೆತ್ತಿ, ಬಡಿದು, ಸಗಣಿ ಸಾರಿಸಿದ ಅಂಗಳದಲ್ಲಿ ಮೊದಲು ಅಡಿಕೆ ಒಣಗಬೇಕು. ವೈಶಾಖ ಬಂದರೆ ಅಡಿಕೆ ಕಂಬ ನೆಟ್ಟು ಮಡಲು ಹೊದೆಸಿದ ಅದೇ ಜಾಗ ಮದುವೆಯ ಚಪ್ಪರ. ಅಂಗಳ ಎಷ್ಟು ದೊಡ್ಡದು ಎಂದರೆ, ಒಂದು ಪಂಕ್ತಿಗೆ ಎಷ್ಟು ಬಾಳೆಲೆ ಬೀಳುತ್ತದೆ ಎಂದೇ ಹೇಳುತ್ತಿದ್ದರು.

ಅಟ್ಟ ಹತ್ತಿದರೆ ಕೊಪ್ಪರಿಗೆ. ಅದರ ಕಂಠದಲ್ಲಿ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದ ಯಜಮಾನರ ಇನಿಶಿಯಲ್ಲು, ಕೆಳಗೆ ಇಸವಿ. ಊರ ಮದುವೆಗಳಿಗೆಲ್ಲ ಹೋಗಿ ಬರುವ ಪಾತ್ರೆ ಅದಲುಬದಲಾಗಬಾರದೆಂದು ಈ ಗುರುತು. ಬಾಗಿಲ ಮೇಲಿನ ಗೋಡೆಯಲ್ಲಿ ನೀಲಿ ಬಣ್ಣದ ಚಿ. ರಾ., ಚಿ. ಸೌ. ಹೆಸರುಗಳು, ಮುಂದಿನ ಮದುವೆಗೆ ಸುಣ್ಣ ಬಳಿಯುವವರೆಗೂ ಅಲ್ಲೇ. ಆ ಚಿರಂಜೀವಿಗೆ ಅಷ್ಟರಲ್ಲಿ ತಲೆ ನರೆತಿರುತ್ತದೆ! ಮುಂಬಯಿ ಸೇರಿದವರು ಊರಿಗೆ ಬರಲು ಮದುವೆಯೇ ನೆಪ. ಭಟ್ಕಳದಲ್ಲಿ ಈಗಲೂ ಎಷ್ಟೋ ಮದುವೆಯ ದಿನ ಗೊತ್ತಾಗುವುದು ದುಬೈಯಲ್ಲಿ ರಜೆ ಸಿಕ್ಕುವುದನ್ನು ನೋಡಿಕೊಂಡು.

ಹಾಗಂತ ಹಳೆಯದೇ ಚೆಂದ ಎನ್ನಲು ನನಗೆ ಬಾಯಿ ಬರುವುದಿಲ್ಲ. ಮನೆಮದುವೆಯ ಸೊಗಸನ್ನು ಹೇಳುವವರು ಹೆಚ್ಚಾಗಿ ಜಗಲಿಯಲ್ಲಿ ಕವಳ ಹಾಕುತ್ತ ಕೂತಿದ್ದ ಗಂಡಸರು. ಹಿತ್ತಲಿನ ಹೊಗೆಯಲ್ಲಿ ಕಾಯಿ ತುರಿದು, ಬಾವಿಯಿಂದ ನೀರು ಸೇದಿ ಸೊಂಟ ಬಿದ್ದ ಅತ್ತೆ, ಅತ್ತಿಗೆಯರನ್ನು ಕೇಳಿ. ಕಲ್ಯಾಣ ಮಂಟಪ ಕಟ್ಟಿಸಿದವನಿಗೆ ಪುಣ್ಯ ಬರಲಿ ಎನ್ನುತ್ತಾರೆ. ಒಂದೇ ಮದುವೆ, ಮನೆಯ ಮುಂದೊಂದು ನೆನಪು, ಹಿಂದೊಂದು.

ಮದುವೆ ಮಂಟಪಕ್ಕೆ ಹೋಯಿತು. ಅಂಗಳವೂ ಹೋಯಿತು: ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾಗುವಾಗ ರಸ್ತೆಬದಿಯ ಎಷ್ಟೋ ಮನೆಗಳ ಮುಂಭಾಗ ಹಾರಿತು, ಕೆಲವುಗಳ ಜಗಲಿಯೂ. ಪರಿಹಾರದ ಕಾಗದದಲ್ಲಿ ಅದಕ್ಕೆ ಗುಂಟೆ, ಆಣೆಗಳ ಲೆಕ್ಕ ಮಾತ್ರ. ಉಳಿದ ಜಾಗದಲ್ಲಿ ಹೊಸ ಮನೆ ಎಬ್ಬಿಸುವವರು ಮೇಸ್ತ್ರಿಯನ್ನು ಕೇಳುವುದು ಕಾರು ತಿರುಗಿಸಲು ಎಷ್ಟು ಅಡಿ ಬಿಡಬೇಕು ಎಂದು.